ಎರೆ, ಸವುಳು ನೀರು ಮತ್ತು ಊರು: ವಿಜಯಪುರ ಸೀಮೆಯ ಜನವಸತಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಜನ ನೆಲೆ ನಿಂತದ್ದಕ್ಕೆ ಎರೆಭೂಮಿಯ ಸತ್ವವೇ ಕಾರಣವೆನ್ನುವುದು ರೂಢಿ. ಡೋಣಿ ಹೊಳೆ ಹರಿದರೆ ಓಣಿ ತುಂಬ ಜೋಳ ಎಂಬರ್ಥದ ಗಾದೆಯೂ ಇದೆ. ಜೋಳದ ಮಟ್ಟಿಗೆ ಅದು ನಿಜ. ಊರುಗಳ ಮಟ್ಟಿಗೆ ಅಷ್ಟು ನಿಜವಲ್ಲ.

ಬಾಗೇವಾಡಿ, ತಾಳಿಕೋಟೆ ಭಾಗದ ಡೋಣಿ ಕಣಿವೆಯಲ್ಲಿ ಎರೆ ಆಳವಾಗಿದೆ. ಹಿಂಗಾರಿ ಬಿಳಿಜೋಳ ನೆಲದ ಹಸಿಯಲ್ಲೇ ತೆನೆ ಹಿಡಿಯುತ್ತದೆ. ಆದರೆ ಡೋಣಿಯ ನೀರು ಸವುಳು, ಅನೇಕ ಬಾವಿಗಳದೂ ಅಷ್ಟೆ. ಮಳೆ ಬಿದ್ದರೆ ಅದೇ ಮಣ್ಣು ಗಾಲಿಗೆ ಮೆತ್ತಿ ಬಂಡಿ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಬಿರಿದು ಗೋಡೆಯನ್ನೂ ಸೀಳುತ್ತದೆ. ಉತ್ತರದ ಇಂಡಿ ಕಡೆ ಮರವಿಲ್ಲದ ಮಡ್ಡಿಗಳು ಒಂದರ ಹಿಂದೊಂದು ಬರುತ್ತವೆ. ನಡುವೆ ಹಳ್ಳ, ದಂಡೆಯಲ್ಲಿ ಈಚಲು, ಬಾವಿಯ ತೋಟ, ಅದಕ್ಕಂಟಿ ಊರು. ಮಡ್ಡಿಯ ಮಣ್ಣು ತೆಳುವಾದರೂ ಹಳ್ಳದ ನೀರು ಸಿಹಿ.

ನೀರಿನ ಜತೆ ದತ್ತಿಯೂ ಜನರನ್ನು ಸೆಳೆಯಿತು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನು ಅದು ಲೆಕ್ಕ ಹಾಕುತ್ತದೆ. ಜೋಳದ ಸೀಮೆಯೊಂದು ಹೊರಗಿನವರನ್ನು ಕೂರಿಸಿ ಉಣ್ಣಿಸುವಷ್ಟು ಉಳಿತಾಯ ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆ ಉಳಿತಾಯ ಮಳೆಯ ಮರ್ಜಿಯಲ್ಲಿತ್ತು. 1876–78ರ ಬರದ ಮುನ್ನ, ಇಂದಿನ ಬಾಗಲಕೋಟೆಯೂ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ ದಾಟಿತ್ತು. 1881ರಲ್ಲಿ ಉಳಿದದ್ದು ಸುಮಾರು 6 ಲಕ್ಷ 38 ಸಾವಿರ. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಬರದ ಬೆನ್ನಿಗೇ ಹೋಟಗಿ–ಗದಗ ರೈಲು ಬಂತು. ಅದು ವಿಜಯಪುರವನ್ನು ಬೆಳೆಸಿತು. ಇಂಡಿ, ಬಾಗೇವಾಡಿಗಳ ನಿಲ್ದಾಣಗಳು ಪಟ್ಟಣದಿಂದ ದೂರವೇ ಉಳಿದವು. ಸಿಂದಗಿ, ಮುದ್ದೇಬಿಹಾಳಕ್ಕೆ ಇವತ್ತಿಗೂ ಹಳಿಯಿಲ್ಲ.

ಕೃಷ್ಣೆ ತಂದ ಬದಲಾವಣೆ ಇನ್ನೂ ದೊಡ್ಡದು. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಆಲಮಟ್ಟಿ, ನಾರಾಯಣಪುರಗಳ ಹಿನ್ನೀರಿಗೆ ಬಾಗೇವಾಡಿ, ಮುದ್ದೇಬಿಹಾಳದ ಹೊಳೆದಂಡೆಯ ಊರುಗಳು ಸಿಕ್ಕವು. ಜನ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಗಳಿಗೆ ಏರಿದರು. ಸಿಹಿನೀರನ್ನು ನಂಬಿ ಕೂತವರನ್ನೇ ಹಿನ್ನೀರು ಎಬ್ಬಿಸಿತು. ಕಾಲುವೆ ಸಿಂದಗಿ, ಇಂಡಿ ಕಡೆ ಸಾಗಿತು. ಹಿಂದೆ ಬಾವಿಯನ್ನೇ ನೆಚ್ಚಿದ್ದ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಹಾಗೆಂದು ಗುಳೆ ನಿಂತಿಲ್ಲ: ಸುಗ್ಗಿ ಹೊತ್ತಿಗೆ ಮಹಾರಾಷ್ಟ್ರದ ಕಬ್ಬಿನ ಗದ್ದೆ, ಉಳಿದಂತೆ ಗೋವಾ, ಪುಣೆ, ಮುಂಬೈ.

2011ರ ಜನಗಣತಿಯಲ್ಲಿ ಜಿಲ್ಲೆಯ ಸಾಂದ್ರತೆ ಚದರ ಕಿ.ಮೀ.ಗೆ 207, ರಾಜ್ಯದ್ದು 319. ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ಕಬ್ಬು ಕಡಿತ ನಡೆದಿರುವಾಗ. ಗಣತಿಯ ಅವಧಿಯುದ್ದಕ್ಕೂ ಊರಲ್ಲಿಲ್ಲದವರು ಆ ಊರಿನ ಲೆಕ್ಕಕ್ಕೆ ಬರುವುದಿಲ್ಲ. ಈ ತಾಲ್ಲೂಕುಗಳ ಅಂಕಿಗಳನ್ನು ಬಳಸುವವರು ತಿಂಗಳನ್ನೂ ನೋಡಿಕೊಳ್ಳಬೇಕು.