ಒಂದೇ ಲಿನಕ್ಸ್: ಫೋನಿನಲ್ಲಿ ಹಾಡು, ಲ್ಯಾಪ್‌ಟಾಪಿನಲ್ಲಿ ಮೌನ

ನಮ್ಮ ಬಳಗದಲ್ಲೊಂದು ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್ ಅದಕ್ಕೆ ಭಾರವಾದಾಗ ಲಿನಕ್ಸ್ ಹಾಕಿಕೊಂಡೆವು. ವರದಿ ಬರೆಯುವುದು, ಫೋಟೊ ತಿದ್ದುವುದು ಎಲ್ಲ ಅದರಲ್ಲೇ. ಮೊನ್ನೆ ಹಾಡಿನ ಆಪ್ ಒತ್ತಿದೆವು. ಕಿಟಕಿ ತೆರೆಯಿತು, ಹಾಡು ಶುರುವಾಯಿತು, ಅಷ್ಟರಲ್ಲಿ ಆಪ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ಒತ್ತಿದರೂ ಅದೇ ಕತೆ. ಪಕ್ಕದ ಮೊಬೈಲಿನಲ್ಲಿ ಮಾತ್ರ ಅದೇ ಹಾಡು ಸಲೀಸಾಗಿ ಬಂತು.

ತಮಾಷೆಯೆಂದರೆ, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲೂ ಇರುವುದು ಲಿನಕ್ಸೇ. ಬೇರು ಒಂದೇ ಆದಮೇಲೆ ಒಂದು ಹಾಡಿ ಇನ್ನೊಂದು ಯಾಕೆ ಕೈಕೊಡುತ್ತದೆ? ಉತ್ತರ ಹುಡುಕುತ್ತಾ ಮೂವತ್ತು ವರ್ಷ ಹಿಂದಕ್ಕೆ ಹೋದೆವು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಅದಕ್ಕೆ ದನಿಯೇ ಇರಲಿಲ್ಲ. ಮರುವರ್ಷ ಅದೇ ದೇಶದ ಹನ್ನು ಸಾವೊಲೈನೆನ್ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡಿಗೆ ಡ್ರೈವರ್ ಬರೆದರು. ಅದು ಬೆಳೆದು ಓಎಸ್‌ಎಸ್ ಆಯಿತು. ಆದರೆ ಅಗ್ಗದ ಕಾರ್ಡುಗಳಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ದನಿ ಮಾಡಬಹುದಿತ್ತು. ಊರ ಜಾತ್ರೆಯಲ್ಲಿ ಒಂದೇ ಮೈಕು ಇದ್ದಂತೆ: ಹಿಡಿದವನು ಬಿಡುವ ತನಕ ಉಳಿದವರು ಕಾಯಬೇಕು.

1998ರಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಅಲ್ಸಾ ಎಂಬ ಹೊಸ ವ್ಯವಸ್ಥೆ ಶುರುಮಾಡಿದರು. 2003ರ ಡಿಸೆಂಬರಿನಲ್ಲಿ ಬಂದ 2.6ನೇ ಕರ್ನೆಲ್‌ನಲ್ಲಿ ಅದು ಸೇರಿಕೊಂಡಿತ್ತು. 2004ರಲ್ಲಿ ಜರ್ಮನಿಯ ಲೆನಾರ್ಟ್ ಪೊಟರಿಂಗ್ ಅದರ ಮೇಲೊಬ್ಬ ಮೇಸ್ತ್ರಿಯನ್ನು ಕೂರಿಸಿದರು. ಎಲ್ಲ ಆಪ್‌ಗಳ ದನಿ ಕೂಡಿಸಿ ಸ್ಪೀಕರಿಗೆ ಕಳಿಸುವ ಆ ಕೆಲಸಗಾರನ ಹೆಸರು ಮುಂದೆ ಪಲ್ಸ್ ಆಡಿಯೊ ಎಂದಾಯಿತು. 2007ರ ನವೆಂಬರಿನಲ್ಲಿ ಫೆಡೋರಾ 8, 2008ರ ಏಪ್ರಿಲ್‌ನಲ್ಲಿ ಉಬುಂಟು 8.04 ಅದನ್ನು ಒಪ್ಪಿಕೊಂಡವು. ಅಲ್ಲಿಂದ ಗಲಾಟೆ. ಹಾಡು ತುಂಡಾಗುತ್ತದೆ, ಆಪ್ ಜಾಮ್ ಆಗುತ್ತದೆ ಎಂದು ದೂರು. ಬೇಸತ್ತವರು ಅದನ್ನು ತೆಗೆದೇ ಹಾಕಿದರು. ಅದುವರೆಗೆ ಯಾರೂ ಬಳಸದ ಡ್ರೈವರ್ ಮೂಲೆಗಳನ್ನು ಪಲ್ಸ್ ಆಡಿಯೊ ಮುಟ್ಟಿತ್ತು. ಅಲ್ಲಿ ಅಡಗಿದ್ದ ಹಳೇ ದೋಷಗಳು ಹೊರಬಿದ್ದಿದ್ದವು. ಬೈಗುಳ ಮಾತ್ರ ಹೊಸಬನಿಗೆ.

ಅದೇ 2008ರ ಅಕ್ಟೋಬರಿನಲ್ಲಿ ಎರಡು ಸಂಗತಿ ನಡೆದವು. ಸ್ವೀಡನ್ನಿನ ಸ್ಪಾಟಿಫೈ ಯುರೋಪಿನಲ್ಲಿ ಬಾಗಿಲು ತೆರೆಯಿತು. ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಫೋನಿನಲ್ಲಿ ದನಿಯ ದಾರಿ ಯಾವುದೆಂದು ಗೂಗಲ್ ಗೊತ್ತುಮಾಡುತ್ತದೆ, ಫೋನ್ ಕಂಪನಿ ಪರೀಕ್ಷೆ ಮಾಡಿ ಮಾರುತ್ತದೆ. ಡೆಸ್ಕ್‌ಟಾಪಿನಲ್ಲಿ ಹಾಗೆ ಹೊಣೆ ಹೊತ್ತವರು ಒಬ್ಬರೇ ಇಲ್ಲ. ಉಬುಂಟು ಒಂದು ಬಗೆ, ಫೆಡೋರಾ ಇನ್ನೊಂದು ಬಗೆ. 2010ರಲ್ಲಿ ಸ್ಪಾಟಿಫೈ ಲಿನಕ್ಸಿಗೂ ಆಪ್ ಕೊಟ್ಟಿತು. ಆದರೆ ಅದು ತಮ್ಮ ಎಂಜಿನಿಯರುಗಳು ಬಿಡುವಿನಲ್ಲಿ ಮಾಡುವ ಕೆಲಸ, ಪೂರ್ತಿ ಬೆಂಬಲ ಇಲ್ಲ ಎಂದು ಕಂಪನಿಯೇ ಹೇಳಿಕೊಂಡಿತ್ತು.

ಇಂಥ ಆಪ್‌ನ ಹೊಟ್ಟೆಯಲ್ಲಿ ಕ್ರೋಮಿಯಂ ಬ್ರೌಸರಿನ ಭಾಗಗಳೇ ಇರುತ್ತವೆ. ಅದಕ್ಕೆ ದನಿ ಜೊತೆಗೆ ಗ್ರಾಫಿಕ್ಸ್ ಬೇಕು, ಹತ್ತಾರು ಲೈಬ್ರರಿ ಬೇಕು. ಲಿನಕ್ಸ್ ಅಪ್‌ಡೇಟ್ ಆಗಿ ಒಂದು ಲೈಬ್ರರಿ ಬದಲಾದರೂ ಆಪ್ ಕುಸಿಯಬಹುದು. 2016ರ ಹೊತ್ತಿಗೆ ಬಂದ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಕಟ್ಟುಗಳು ಇದಕ್ಕೆ ಮದ್ದು. ಅಡುಗೆಯವರು ಮದುವೆ ಮನೆಗೆ ತಮ್ಮ ಪಾತ್ರೆ ತಾವೇ ಹೊತ್ತು ಬಂದಂತೆ, ಆಪ್ ತನಗೆ ಬೇಕಾದ ಲೈಬ್ರರಿಗಳನ್ನು ಜೊತೆಗೇ ತರುತ್ತದೆ. ದನಿಯ ಕಡೆಯಲ್ಲಿ ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್ 2021ರಲ್ಲಿ ಫೆಡೋರಾ 34ರಲ್ಲಿ ಪಲ್ಸ್ ಆಡಿಯೊದ ಜಾಗಕ್ಕೆ ಬಂತು. ಹಳೇ ಆಪ್‌ಗಳಿಗೆ ಯಜಮಾನ ಬದಲಾದದ್ದು ಗೊತ್ತಾಗದಂತೆ ಅದನ್ನು ಕಟ್ಟಿದ್ದರು.

ಈ ಇತಿಹಾಸ ತಿಳಿದ ಮೇಲೆ ರಿಪೇರಿಯ ದಾರಿಯೂ ಕಂಡಿತು. ಮೊದಲು ಬೇರೆ ಆಪ್‌ನಲ್ಲಿ ದನಿ ಬರುತ್ತದೆಯೇ ನೋಡಿದೆವು. ಬಂತು, ಅಂದರೆ ಸ್ಪೀಕರಿನ ದಾರಿ ಸರಿ ಇದೆ. ಆಮೇಲೆ ಐಕಾನ್ ಒತ್ತುವ ಬದಲು ಟರ್ಮಿನಲ್‌ನಲ್ಲಿ ಆಪ್‌ನ ಹೆಸರು ಬರೆದು ಓಡಿಸಿದೆವು. ಸಾಯುವ ಮುಂಚೆ ಅದು ಕಾರಣ ಹೇಳಿಯೇ ಸಾಯುತ್ತದೆ. ಕೊನೆಯ ಸಾಲುಗಳನ್ನು ಓದಬೇಕು ಅಷ್ಟೆ. ಲೈಬ್ರರಿ ಇಲ್ಲ ಎಂದಿದ್ದರೆ ಫ್ಲಾಟ್‌ಪ್ಯಾಕ್ ಹಾಕಿ ನೋಡುತ್ತಿದ್ದೆವು. ನಮ್ಮಲ್ಲಿ ಗ್ರಾಫಿಕ್ಸ್ ತಕರಾರು ಕಂಡಿತು. ಜಿಪಿಯು ಬಳಸಬೇಡ ಎಂಬ ಸೂಚನೆ ಕೊಟ್ಟು ಓಡಿಸಿದೆವು, ಹಾಡು ನಿಲ್ಲಲಿಲ್ಲ.

ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಗಿರಾಕಿ ಕಡಿಮೆ ಇರುವ ಕಡೆ ಕಂಪನಿಯ ಗಮನವೂ ಕಡಿಮೆ. ಹಳ್ಳಿಯವರಾದ ನಮಗೆ ಇದು ಹೊಸದಲ್ಲ, ಬಸ್ಸಿನ ವಿಷಯದಲ್ಲೂ ನೋಡಿದ್ದೇವೆ. ಇಂಥ ಕಡೆ ಲಿನಕ್ಸಿಗೆ ದನಿ ಬಂದದ್ದು ಬರೆದವರಿಂದ ಮಾತ್ರವಲ್ಲ, ಸರಿಯಾಗಿ ದೂರು ಕೊಟ್ಟವರಿಂದಲೂ. ಕರೆಂಟ್ ಇಲ್ಲ ಎಂದು ಕೂಗುವುದು ಬೇರೆ, ಇಂಥ ಕಂಬದಲ್ಲಿ ತಂತಿ ಹರಿದಿದೆ ಎಂದು ಹೇಳುವುದು ಬೇರೆ. ನಾವೂ ಲಿನಕ್ಸಿನ ಆವೃತ್ತಿ, ಆಪ್‌ನ ಆವೃತ್ತಿ, ಆ ಕೊನೆಯ ಸಾಲುಗಳು ಮೂರನ್ನೂ ಬರೆದು ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.