ಹಳೆಯ ಕಾಗದದ ಕಟ್ಟುಗಳಲ್ಲಿ ಉಳಿದ ಅಪೂರ್ವ ಅಂಚೆಚೀಟಿಗಳು

ಅಂಚೆಚೀಟಿಯೊಂದರ ಅಪೂರ್ವತೆಯನ್ನು ಸಾಮಾನ್ಯವಾಗಿ ಅದರ ಮುದ್ರಣಸಂಖ್ಯೆಯಿಂದ ಅಳೆಯುವುದುಂಟು. ಆದರೆ ಎಷ್ಟು ಅಚ್ಚಾದವು ಎಂಬುದಕ್ಕಿಂತ ಎಷ್ಟು ಕಸವಾಗದೆ ಉಳಿದವು, ಉಳಿದವು ಯಾವ ಸ್ಥಿತಿಯಲ್ಲಿ ಉಳಿದವು ಎಂಬುದೇ ಮುಖ್ಯವೆಂಬುದನ್ನು 19ನೆಯ ಶತಮಾನದ ಎರಡು ಶೋಧಗಳು ಸ್ಪಷ್ಟಪಡಿಸುತ್ತವೆ.

1856ರಲ್ಲಿ ಇಂಗ್ಲೆಂಡಿನಿಂದ ಬರಬೇಕಾಗಿದ್ದ ಅಂಚೆಚೀಟಿಗಳು ತಡವಾದುದರಿಂದ ಬ್ರಿಟಿಷ್ ಗಯಾನಾದ ಅಂಚೆ ಅಧಿಕಾರಿಗಳು ಜಾರ್ಜ್‌ಟೌನಿನ ಗೆಜೆಟ್ ಮುದ್ರಣಾಲಯದಲ್ಲಿ ತಾತ್ಕಾಲಿಕ ಚೀಟಿಗಳನ್ನು ಅಚ್ಚು ಮಾಡಿಸಿದರು. ನಕಲಿಯನ್ನು ತಡೆಯಲು ಗುಮಾಸ್ತರು ಅವುಗಳ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆಯಬೇಕಾಗಿತ್ತು. ನಾಲ್ಕು ಸೆಂಟಿನ ಚೀಟಿ ಕಾಗದಪತ್ರಗಳಿಗೆ, ಒಂದು ಸೆಂಟಿನದು ವೃತ್ತಪತ್ರಿಕೆಗಳಿಗೆ. ಜನರು ಪತ್ರಗಳನ್ನು ಕಾಪಿಟ್ಟರು. ಪತ್ರಿಕೆಯ ಹೊದಿಕೆಯನ್ನು ಹರಿದೆಸೆದರು. ಹೀಗಾಗಿ ನಾಲ್ಕು ಸೆಂಟಿನ ಹಲವು ಪ್ರತಿಗಳು ಉಳಿದಿದ್ದರೆ, ಒಂದು ಸೆಂಟಿನದು ಒಂದೇ ಒಂದು ಉಳಿದಿದೆ. 1873ರಲ್ಲಿ ಲೂಯಿ ವರ್ನನ್ ವಾನ್ ಎಂಬ ಹನ್ನೆರಡರ ಬಾಲಕನಿಗೆ ಮನೆಯ ಹಳೆಯ ಕಾಗದಗಳ ನಡುವೆ ಅದು ದೊರೆಯಿತು. ಮೂಲೆಗಳು ಕತ್ತರಿಸಲ್ಪಟ್ಟು ಅಂದಗೆಟ್ಟಿದ್ದ ಆ ಚೀಟಿಯನ್ನು ಅವನು ಆರು ಷಿಲ್ಲಿಂಗಿಗೆ ಮಾರಿದನು. 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಹರಾಜಾಯಿತು.

ಎರಡನೆಯದು ಮಾರಿಷಸ್ ದ್ವೀಪದ ಅಂಚೆಗೆ ಸಂಬಂಧಿಸಿದ್ದು. ಅಲ್ಲಿ 1847ರಲ್ಲಿ ಜೋಸೆಫ್ ಬರ್ನಾರ್ಡ್ ಕೆತ್ತಿದ ಒಂದು ಪೆನ್ನಿ ಹಾಗೂ ಎರಡು ಪೆನ್ನಿಗಳ ಚೀಟಿಗಳು ತಲಾ 500ರಷ್ಟು ಮಾತ್ರ ಅಚ್ಚಾದವು. 1850ರ ಜನವರಿಯಲ್ಲಿ ಅಲ್ಲಿಂದ ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿ ಥಾಮಸ್ ಜೆರೊಮ್ ಅವರಿಗೆ ಕಳುಹಿಸಿದ ಪತ್ರವೊಂದರ ಮೇಲೆ ಒಂದು ಪೆನ್ನಿಯ ಎರಡು ಚೀಟಿಗಳಿದ್ದವು. ಸುಮಾರು 47 ವರ್ಷ ಯಾರ ಗಮನಕ್ಕೂ ಬಾರದಿದ್ದ ಆ ಪತ್ರ 1897ರಲ್ಲಿ ಭಾರತದ ಪೇಟೆಯೊಂದರಲ್ಲಿ ಸಂಗ್ರಾಹಕರ ಕಣ್ಣಿಗೆ ಬಿದ್ದಿತು. 1968ರ ಹರಾಜಿನಲ್ಲಿ ಅದಕ್ಕೆ 3,80,000 ಡಾಲರು ಬಂದಿತು.

ಹಣದ ಲೆಕ್ಕದಲ್ಲಿ ಗಯಾನಾದ ಚೀಟಿಯೇ ಮೇಲು. ಇತಿಹಾಸದ ಆಕರವಾಗಿ ನೋಡಿದರೆ ತೂಕ ಬದಲಾಗುತ್ತದೆ. ಹೊದಿಕೆಯಿಂದ ಬೇರ್ಪಟ್ಟ ಗಯಾನಾದ ಚೀಟಿಯಲ್ಲಿ ಅಂಚೆಮುದ್ರೆಯೂ ಗುಮಾಸ್ತನ ಅಕ್ಷರಗಳೂ ಉಳಿದಿವೆ. ಕಳುಹಿಸಿದವರು ಯಾರು, ಪಡೆದವರು ಯಾರು ಎಂಬುದು ಅಳಿದುಹೋಗಿದೆ. ಮುಂಬಯಿಯ ಪತ್ರವಾದರೋ ವಿಳಾಸ, ದಿನಾಂಕ, ದರ, ಸಾಗಿದ ದಾರಿ ಇವೆಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಚೀಟಿಯನ್ನು ಕತ್ತರಿಸಿ ತೆಗೆಯುವ, ನೀರಿನಲ್ಲಿ ನೆನೆಸಿ ಬಿಡಿಸುವ ಹವ್ಯಾಸಿಗಳ ರೂಢಿಯಿಂದ ಇಂತಹ ಅಸಂಖ್ಯಾತ ಸಾಕ್ಷ್ಯಗಳು ನಾಶವಾಗಿವೆ. ಆದುದರಿಂದ ಹಳೆಯ ಪತ್ರಗಳ ಕಟ್ಟುಗಳನ್ನು ವಿಂಗಡಿಸುವಾಗ ಲಕೋಟೆಯನ್ನೂ ಪತ್ರದೊಡನೆಯೇ ದಾಖಲಿಸಿ ಇಡುವುದು ಗ್ರಂಥಾಲಯಗಳ ಹಾಗೂ ಪತ್ರಾಗಾರಗಳ ಹೊಣೆಯಾಗುತ್ತದೆ. ಕಣ್ತಪ್ಪಿದ ಚೀಟಿ ಎಂದಾದರೂ ಸಿಗಬಹುದು. ಹರಿದೆಸೆದ ಲಕೋಟೆ ಮತ್ತೆ ಸಿಗದು.