ಕಾರು ಬಿಚ್ಚಿದವರು, ಕಾರಿನ ಕಥೆ ಬರೆದವರು

ಹಾಟ್ ರಾಡ್ ಅಂದ್ರೆ ಏನು ಅಂತ ಕೆಂಗಲ್‌ನ ಗ್ಯಾರೇಜಿನಲ್ಲಿ ಯಾರಾದ್ರೂ ಕೇಳಿದ್ರೆ ಹೀಗೆ ಹೇಳಬಹುದು: ಗುಜರಿಗೆ ಹೋಗಬೇಕಿದ್ದ ಹಳೇ ಕಾರು ತಂದು, ಬೇಡದ ತಗಡೆಲ್ಲ ಕಿತ್ತು ಹಗುರ ಮಾಡಿ, ಇಂಜಿನ್ನಿನ ಶಕ್ತಿ ಹೆಚ್ಚಿಸಿ ಓಡಿಸೋದು. ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಲ್ಲೇ ಈ ಕೆಲಸ ಮಾಡ್ತಿದ್ರು. 1932ರ ಫೋರ್ಡ್ ಅಂದ್ರೆ ಅವರಿಗೆ ಪ್ರಾಣ. ಮ್ಯುರಾಕ್‌ನಂಥ ಒಣಗಿದ ಕೆರೆಯಂಗಳವೇ ಅವರ ರೇಸ್ ಮೈದಾನ.

ಊರವರ ಕಣ್ಣಿಗೆ ಮಾತ್ರ ಇವರು ಬರೀ ಪುಂಡರು. ಆ ಹೆಸರು ಬದಲಾಗಿದ್ದರಲ್ಲಿ ಕಾರಿನಷ್ಟೇ ಪಾಲು ಕಾಗದದ್ದೂ ಇದೆ ನೋಡಿ.

1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅನ್ನೋ ಯುವಕ 'ಹಾಟ್ ರಾಡ್' ಅಂತ ಒಂದು ಪತ್ರಿಕೆ ಶುರು ಮಾಡಿದ. ಲಾಸ್ ಏಂಜಲೀಸಿನ ಕಾರು ಪ್ರದರ್ಶನದ ಹೊರಗೆ ನಿಂತು, 25 ಸೆಂಟಿಗೆ ಒಂದರಂತೆ ಮಾರಿದ. ಸಂಪಾದಕನಾಗಿ ಬಂದ ವ್ಯಾಲಿ ಪಾರ್ಕ್ಸ್, ಬೀದಿಯಲ್ಲಿ ಬೇಡ, ಮೈದಾನದಲ್ಲಿ ಓಡಿಸಿ ಅಂತ ಬರೆದೂ ಬರೆದೂ 1951ರಲ್ಲಿ ರಾಷ್ಟ್ರಮಟ್ಟದ ಹಾಟ್ ರಾಡ್ ಸಂಘವನ್ನೇ ಕಟ್ಟಿದ. ಎರಿಕ್ ರಿಕ್ಮನ್ ಕ್ಯಾಮೆರಾ ಹಿಡಿದು ರೇಸಿನಿಂದ ರೇಸಿಗೆ ಅಲೆದ. ಡೀನ್ ಬ್ಯಾಚೆಲರ್ 1949ರಲ್ಲಿ ಬಾನವಿಲ್‌ನ ಉಪ್ಪಿನ ಬಯಲಲ್ಲಿ ತಾನೇ ಕಾರು ಓಡಿಸಿದವನು, ಆಮೇಲೆ ಅದೇ ಹಾಟ್ ರಾಡ್‌ಗಳ ಇತಿಹಾಸ ಬರೆದವನು. 1963ರಲ್ಲಿ ಟಾಮ್ ವುಲ್ಫ್ 'ಎಸ್ಕ್ವೈರ್'ನಲ್ಲಿ ಈ ಕಾರುಗಳ ಬಗ್ಗೆ ಬರೆದಾಗ, ಗ್ಯಾರೇಜಿನ ಕೆಲಸವೂ ಕಲೆ ಅಂತ ಓದುವ ಜನಕ್ಕೆ ಗೊತ್ತಾಯ್ತು.

ಸರಿ, ನಮ್ಮಲ್ಲಿ ಹೀಗೆ ಬಿಚ್ಚಿ ಕಟ್ಟಿದವರು ಇರಲಿಲ್ವಾ? ಖಂಡಿತ ಇದ್ರು. ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಇಂಜಿನ್ ಕೂರಿಸಿದ್ದು, ಮಿಲಿಟರಿಯ ಹಳೇ ಜೀಪಿಗೆ ಹೊಸ ಜೀವ ಕೊಟ್ಟಿದ್ದು ನಮ್ಮ ಮೇಸ್ತ್ರಿಗಳೇ. ಅಲ್ಲಿಯವರ ಆಸೆ ವೇಗ, ನಮ್ಮವರ ಆಸೆ ಮೈಲೇಜು, ಅಷ್ಟೇ ವ್ಯತ್ಯಾಸ :) ಈಗ ಅದಕ್ಕೂ ಕಾನೂನಿನ ಬಿಗಿ ಇದೆ. ಕಂಪನಿಯ ಮೂಲ ನಮೂನೆಯೇ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಗಿತ್ತು.

ಹಾಗಂತ ನಮ್ಮ ದೇಶದಲ್ಲಿ ಕಾರಿನ ಇತಿಹಾಸ ಬರೆದವರೇ ಇಲ್ಲ ಅಂತಲ್ಲ. ಶಾರದಾ ದ್ವಿವೇದಿ ಮತ್ತು ಮಾನವೇಂದ್ರ ಸಿಂಗ್ ಬರ್ವಾನಿ 2003ರಲ್ಲಿ, ಗೌತಮ್ ಸೇನ್ 2011ರಲ್ಲಿ ಸೊಗಸಾದ ಚಿತ್ರಗಳ ಪುಸ್ತಕ ತಂದರು. ಎರಡೂ ಇಂಗ್ಲಿಷಿನವು, ಎರಡೂ ಮಹಾರಾಜರ ಕಾರುಗಳ ಮೇಲೆ. ನಮ್ಮ ರಸ್ತೆಯಲ್ಲೇ ಮುಂದೆ ಹೋದ್ರೆ ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಸಿಗುತ್ತೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೇ ಕಾರುಗಳ ಸಂಗ್ರಹಾಲಯ, 2023ರಲ್ಲಿ ಶುರುವಾಯ್ತು. ಹೆಗ್ಗಡೆಯವರಿಗೆ ಫೋಟೋಗ್ರಫಿಯ ಹವ್ಯಾಸವೂ ಇದೆ. ಕಾರು ಉಳಿಸೋ ಕೆಲಸ ಅಲ್ಲಿ ಚೆನ್ನಾಗಿ ನಡೆದಿದೆ.

ಆದ್ರೆ ರಾಜರ ಕಾರಿನ ಕಥೆ ಬಂದಷ್ಟು ಸುಲಭವಾಗಿ ಮೇಸ್ತ್ರಿಯ ಕಥೆ ಬರೋದಿಲ್ಲ. ಅವನ ಕೆಲಸಕ್ಕೆ ನಕ್ಷೆ ಇಲ್ಲ, ಬಿಲ್ಲೂ ಇಲ್ಲ, ಎಲ್ಲ ಕೈಯಲ್ಲೇ. ಕೈ ಹೋದ್ರೆ ಕಥೆಯೂ ಹೋಯ್ತು.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಬೈಪಾಸ್ ಹೋಗುತ್ತೆ, ನಡುವಿನ ಕೆಂಗಲ್ಲೂ ಪಕ್ಕಕ್ಕೆ ಉಳೀತು. ದೂರದೂರಿಗೆ ಹೋಗೋ ಗಾಡಿಗಳು ಈಗ ಆಂಜನೇಯನ ಗುಡಿ ಮುಂದೆ ಹಾಯಬೇಕಿಲ್ಲ. ಹಳೇ ರಸ್ತೆಯನ್ನೇ ನಂಬಿದ ಪಂಕ್ಚರ್ ಅಂಗಡಿ, ಗ್ಯಾರೇಜುಗಳ ಪಾಡು ಊಹಿಸಿ.

ಪೀಟರ್ಸನ್ ಮೊದಲ ಸಂಚಿಕೆ ತಂದಾಗ ಅವನಿಗೆ ಇನ್ನೂ 22 ವರ್ಷ ತುಂಬಿರಲಿಲ್ಲ. ಇವತ್ತು ನಮ್ಮ ಜೇಬಿನಲ್ಲೇ ಕ್ಯಾಮೆರಾ ಇದೆ. ನಿಮ್ಮೂರಲ್ಲಿ ಹಳೇ ಮೇಸ್ತ್ರಿ ಒಬ್ಬರು ಉಳಿದಿದ್ರೆ ಒಂದು ಭಾನುವಾರ ಹೋಗಿ, ಕೇಳಿ, ಕನ್ನಡದಲ್ಲೇ ಬರೆದಿಡಿ. ಕಾರಿಗಿಂತ ಮುಂಚೆ ಆ ಕೈಗಳ ಫೋಟೋ ತೆಗೀರಿ.